ಹನಿಯೂ ಸೋರದ ಬಾಟಲಿ

ಪಂಜರದ ಕೆಳಗೆ ನೆಲ ಒದ್ದೆಯಾಗುತ್ತದೆ ಎಂಬ ದೂರು ಮೊಲ ಸಾಕಿದ ಮನೆಗಳಲ್ಲಿ ಇದ್ದದ್ದೇ. ಪೈಪಣ್ಣನ ಮನೆಯಲ್ಲೂ ಇತ್ತು. ಪೈಪಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು, ಅವನ ಕೆಲಸ ಪ್ಲಂಬಿಂಗ್. ಯಾರ ಮನೆಯ ನಲ್ಲಿ ಕೆಟ್ಟರೂ, ಯಾರ ಸಿಂಕ್ ಕಟ್ಟಿಕೊಂಡರೂ ಅವನಿಗೇ ಕರೆ. ಸೋರುವ ನೀರು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅಂಥವನ ಮನೆಯಲ್ಲೇ ಮೊಲದ ನೀರಿನ ಬಾಟಲಿ ತೊಟ್ಟಿಕ್ಕಿ, ಹೆಂಡತಿ ಹೊಲಿಯಲು ತಂದಿಟ್ಟಿದ್ದ ಗಿರಾಕಿಗಳ ಬಟ್ಟೆಯ ಗಂಟು ನೆನೆದುಹೋಯಿತು. ಅವನಿಗೆ ಅವಮಾನವಾಯಿತು.

ಮೊಲದ ಹೆಸರು ಸಾಹುಕಾರ. ತಿನ್ನುವುದು, ಕಾಲು ಚಾಚಿ ಮಲಗುವುದು, ಎದ್ದು ಮತ್ತೆ ತಿನ್ನುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲದ್ದರಿಂದ ಆ ಹೆಸರು ಬಂತು. ಹಾಗೆ ತಮಾಷೆ ಮಾಡಿದರೂ ಮನೆಯವರಿಗೆ ಅದರ ಉಪಕಾರ ಗೊತ್ತಿತ್ತು. ಮಗಳು ಪುಟ್ಟಿಗೆ ಮಾತು ತಡವರಿಸುತ್ತಿತ್ತು. ಶಾಲೆಯಲ್ಲಿ ಓದಲು ಎದ್ದು ನಿಂತಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಉಳಿದ ಮಕ್ಕಳು ನಕ್ಕು, ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಮೊಲ ಬಂದ ಮೇಲೆ ಅದರ ಪಕ್ಕ ಕುಳಿತು ಗಟ್ಟಿಯಾಗಿ ಓದತೊಡಗಿದಳು. ಸಾಹುಕಾರ ನಗುವುದಿಲ್ಲ, ಅವಸರ ಮಾಡುವುದಿಲ್ಲ, ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತದೆ. ಓದಿ ಓದಿ ಅವಳು ಈಗ ತರಗತಿಯಲ್ಲೂ ಕೈ ಎತ್ತುವಂತಾಗಿದ್ದಳು.

ಬಾಟಲಿ ಪಂಜರದ ಕಂಬಿಗೆ ತಲೆಕೆಳಗಾಗಿ ನೇತುಹಾಕುವ ಬಗೆಯದು. ಕೊಳವೆಯ ತುದಿಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ. ಮೊಲ ನಾಲಿಗೆಯಿಂದ ಅದನ್ನು ಒತ್ತಿದಾಗ ನೀರು ಬರುತ್ತದೆ. ಪೈಪಣ್ಣ ಕೊಳವೆ ಬಿಚ್ಚಿ, ಗುಂಡಿನ ಹಿಂದೆ ಪುಟ್ಟದೊಂದು ಸ್ಪ್ರಿಂಗ್ ಕೂರಿಸಿ, ಟೇಪು ಸುತ್ತಿ ಬಿಗಿದ. ಬೆರಳಿನಿಂದ ಒತ್ತಿ ನೋಡಿದ, ನೀರು ಬಂತು. ಬೆರಳು ತೆಗೆದ, ಒಂದು ಹನಿಯೂ ಬೀಳಲಿಲ್ಲ. ಹೆಂಡತಿಯನ್ನು ಕರೆದು ಒಣಗಿದ ನೆಲ ತೋರಿಸಿ ಮೀಸೆ ತಿರುವಿಕೊಂಡ.

ಮರುದಿನ ನೋಡಿದರೆ ಬಾಟಲಿ ತುಂಬಿಯೇ ಇತ್ತು. ನೀರು ಬೇಗ ಖಾಲಿಯಾಗುವುದಿಲ್ಲ ಎಂದು ಪೈಪಣ್ಣ ಇನ್ನಷ್ಟು ಬೀಗಿದ. ಹೆಂಡತಿಗೆ ಅನುಮಾನ ಬಂದು, ಒಂದು ಬಟ್ಟಲಲ್ಲೂ ನೀರಿಡೋಣವೇ ಎಂದು ಕೇಳಿದಳು. ಬಟ್ಟಲಿಟ್ಟರೆ ಮನೆಯೆಲ್ಲ ಕೆಸರು, ಹಸಿ ಸೊಪ್ಪು ತಿನ್ನುವ ಪ್ರಾಣಿಗೆ ಅಷ್ಟೊಂದು ನೀರು ಬೇಕಾಗಿಯೂ ಇಲ್ಲ ಎಂದು ಅವನು ತಳ್ಳಿಹಾಕಿದ. ಅದರ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟು ನಿಂತಾಗ ಪುಟ್ಟಿ ಬಂದು ಅಂಗಿ ಜಗ್ಗಿದಳು.

“ಅಪ್ಪಾ, ಸಾಹುಕಾರ ನೀ... ನೀ...”

“ನೀರು ತುಂಬಿದೆ ಕಣಮ್ಮ, ನೋಡು ಬೇಕಾದ್ರೆ” ಎಂದು ಅವಳ ಮಾತನ್ನು ತಾನೇ ಮುಗಿಸಿ ಚಪ್ಪಲಿ ಮೆಟ್ಟಿದ.

ಅಂದು ಕೆಲಸ ಇದ್ದದ್ದು ಪ್ರಾಣಿಗಳ ಆಸ್ಪತ್ರೆಯಲ್ಲಿ. ಕೈತೊಳೆಯುವ ಬೇಸಿನ್ನಿನ ಕೆಳಗೆ ಅಂಗಾತ ಮಲಗಿ ನಟ್ಟು ತಿರುಗಿಸುತ್ತ, ಅಲ್ಲಿನ ಡಾಕ್ಟರಮ್ಮನಿಗೆ ತನ್ನ ಬಾಟಲಿಯ ಪ್ರತಾಪ ವರ್ಣಿಸಿದ. ಅವರು ಶಹಬ್ಬಾಸ್ ಎನ್ನುತ್ತಾರೆ ಎಂದುಕೊಂಡಿದ್ದ. ಅವರು ಕೇಳಿದ್ದೇ ಬೇರೆ.

“ನೀರು ಎಷ್ಟು ಇಳಿದಿದೆ, ಪೈಪಣ್ಣ?”

“ಚೂರೂ ಇಳಿದಿಲ್ಲ ಮೇಡಂ.”

“ಹಿಕ್ಕೆ ಹೇಗೆ ಹಾಕ್ತಿದೆ?”

ಈ ಪ್ರಶ್ನೆಯನ್ನು ಜನ್ಮದಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಮನೆಗೆ ಫೋನು ಮಾಡಿದ. ಮೊಲ ಬೆಳಗಿನಿಂದ ಹುಲ್ಲು ಮುಟ್ಟಿಲ್ಲ, ಹಿಕ್ಕೆ ನಾಲ್ಕೇ ನಾಲ್ಕು, ಅದೂ ಸಣ್ಣಗೆ ಒಣಗಿದೆ, ಪುಟ್ಟಿ ಪಂಜರದ ಮುಂದೆಯೇ ಕೂತುಬಿಟ್ಟಿದ್ದಾಳೆ ಎಂದು ಹೆಂಡತಿ ಹೇಳಿದಳು. ಪೈಪಣ್ಣ ಅದನ್ನು ಹಾಗೇ ಡಾಕ್ಟರಮ್ಮನಿಗೆ ಒಪ್ಪಿಸಿದ.

“ಈಗಲೇ ಕರ್ಕೊಂಡು ಬರೋಕೆ ಹೇಳಿ, ಸಂಜೆವರೆಗೆ ಕಾಯ್ಬೇಡಿ” ಎಂದರು ಡಾಕ್ಟರಮ್ಮ. “ನೀರಿಲ್ಲದ ಮೊಲ ತಿನ್ನೋದು ಬಿಡುತ್ತೆ. ತಿನ್ನೋದು ಬಿಟ್ರೆ ಹೊಟ್ಟೆ ಕೆಲಸ ನಿಲ್ಲುತ್ತೆ. ಆಮೇಲೆ ಉಳಿಸಿಕೊಳ್ಳೋದು ಕಷ್ಟ. ಆ ಬಾಟಲಿನೂ ತರ್ಲಿ.”

ತಾಯಿ ಮಗಳು ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಓಡೋಡಿ ಬಂದರು. ಸಾಹುಕಾರ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಅದರ ಒಸಡು ಮುಟ್ಟಿ, ಹೊಟ್ಟೆ ಒತ್ತಿ ನೋಡಿ, ಚರ್ಮದ ಕೆಳಗೆ ಸಲೈನ್ ಕೊಟ್ಟರು. ಆಮೇಲೆ ಬಾಟಲಿಯನ್ನೂ ಒಂದು ತುಂಡು ಹತ್ತಿಯನ್ನೂ ಪೈಪಣ್ಣನ ಕೈಗಿತ್ತರು.

“ಬೆರಳಲ್ಲಿ ಒತ್ತಬೇಡಿ. ಹತ್ತಿ ಒದ್ದೆ ಮಾಡಿ ಮೆಲ್ಲಗೆ ತಾಗಿಸಿ. ಮೊಲದ ನಾಲಿಗೆ ನಿಮ್ಮ ಬೆರಳಿನ ಥರ ಸ್ಪ್ಯಾನರ್ ಹಿಡಿದು ಪಳಗಿದ್ದಲ್ಲ.”

ತಾಗಿಸಿದ. ನೀರು ಬರಲಿಲ್ಲ. ಮತ್ತೆ ಮತ್ತೆ ತಾಗಿಸಿದ, ಬರಲಿಲ್ಲ. ಬೀದಿಯ ಎಲ್ಲ ಮನೆಗೂ ನೀರು ಹರಿಸುವವನು ತನ್ನ ಮನೆಯ ಜೀವವನ್ನು ತುಂಬಿದ ಬಾಟಲಿಯ ಮುಂದೆ ಬಾಯಾರಿಸಿ ಕೂರಿಸಿದ್ದ.

ಆಗ ಪುಟ್ಟಿ ಬಾಯಿ ತೆರೆದಳು. “ಅಪ್ಪಾ, ನಾನು ಅದನ್ನೇ ಹೇ... ಹೇಳೋಕೆ ಬಂದೆ. ಅದು ನೆಕ್ಕಿ ನೆಕ್ಕಿ ಸು... ಸುಸ್ತಾಗಿ ಬಿಟ್ಟುಬಿಡ್ತಿತ್ತು.”

ಯಾರೂ ನಡುವೆ ಬಾಯಿ ಹಾಕಲಿಲ್ಲ. ಮಗಳ ಮಾತು ಪೂರ್ತಿಯಾಗುವವರೆಗೆ ಕಾಯುವ ತಾಳ್ಮೆ ಆ ಮೊಲಕ್ಕಿತ್ತು, ತನಗಿರಲಿಲ್ಲ ಎಂದು ಪೈಪಣ್ಣನಿಗೆ ಹೊಳೆದು ಕಣ್ಣು ತುಂಬಿತು. “ತಪ್ಪಾಯ್ತು ಪುಟ್ಟಿ” ಎಂದ.

ಹೊರಡುವಾಗ ಡಾಕ್ಟರಮ್ಮ ಬಟ್ಟಲಿನಲ್ಲಿ ನೀರಿಡಲು ಹೇಳಿದರು. ತಲೆ ಬಗ್ಗಿಸಿ ಕುಡಿಯುವುದೇ ಮೊಲದ ಸಹಜ ರೀತಿ, ಬಟ್ಟಲಿದ್ದರೆ ಸಾಮಾನ್ಯವಾಗಿ ಹೆಚ್ಚು ನೀರು ಕುಡಿಯುತ್ತದೆ ಎಂದರು. ಮಗುಚಿ ಹಾಕುತ್ತದೆ ಎಂದು ಪೈಪಣ್ಣ ಗೊಣಗಿದಾಗ, ಭಾರದ್ದು ಇಡಿ ಎಂದಷ್ಟೇ ಹೇಳಿದರು.

ಅವನು ಮನೆಗೆ ಬಂದು ಇಟ್ಟದ್ದು ಕೈಗೆ ಸಿಕ್ಕ ತೆಳು ಸ್ಟೀಲ್ ಬಟ್ಟಲು. ಸಾಹುಕಾರ ಮುಂಗಾಲನ್ನು ಅಂಚಿಗಿಟ್ಟದ್ದೇ ತಡ, ಅದು ಮಗುಚಿತು. ನಾನು ಹೇಳಲಿಲ್ಲವೇ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತಡೆದಳು.

“ಡಾಕ್ಟರಮ್ಮ ಹೇಳಿದ್ದು ಭಾರದ್ದು ಕಣ್ರೀ. ನೀವು ಇಟ್ಟಿದ್ದು ಹಗುರದ್ದು.”

ಹೊಲಿಗೆ ಯಂತ್ರದ ಪಕ್ಕ ಅವಳು ಗುಂಡಿಗಳನ್ನು ಹಾಕಿಡುತ್ತಿದ್ದ ಒಂದು ದಪ್ಪ ಪಿಂಗಾಣಿ ಬಟ್ಟಲಿತ್ತು. ಅಗಲ ಬಾಯಿ, ತಗ್ಗು ಅಂಚು, ಎತ್ತಿದರೆ ಕಲ್ಲಿನಷ್ಟು ಭಾರ. ಗುಂಡಿ ಸುರಿದು, ಸೋಪು ಹಾಕಿ ತಿಕ್ಕಿ ತೊಳೆದು, ನೀರು ತುಂಬಿ ಇಟ್ಟಳು. ಸಾಹುಕಾರ ಮೂಸಿತು, ತಲೆ ಬಗ್ಗಿಸಿತು. ಲಪಲಪ ಸದ್ದು ಕೇಳಿಸಿತು. ಮೂವರೂ ಪಂಜರದ ಮುಂದೆ ನೋಡುತ್ತ ಕೂತರು. ಕುಡಿದು, ನಿಂತು, ಮತ್ತೆ ಕುಡಿದು, ಕೊನೆಗೆ ಒಂದು ಎಸಳು ಹುಲ್ಲು ಎಳೆದುಕೊಂಡಿತು. ಮರುದಿನ ಬೆಳಿಗ್ಗೆ ಪಂಜರದ ತುಂಬ ದುಂಡು ದುಂಡು ಹಿಕ್ಕೆ. ಹಿಕ್ಕೆ ನೋಡಿ ಅಷ್ಟು ಹಿಗ್ಗಿದ ಮನುಷ್ಯ ಆ ಬೀದಿಯಲ್ಲಿ ಮತ್ತೊಬ್ಬನಿರಲಾರ.

ಪೈಪಣ್ಣ ಪುಟ್ಟಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಕೈಮುಗಿದ. ಅವರು ಪಕ್ಕದಲ್ಲಿದ್ದ ಪುಟ್ಟಿಯನ್ನು ತೋರಿಸಿ, “ಮೊದಲು ಕಂಡುಹಿಡಿದವಳು ಇವಳು” ಎಂದರು. ಈಗ ಆ ಮನೆಯಲ್ಲಿ ಬಟ್ಟಲೂ ಇದೆ, ಸ್ಪ್ರಿಂಗ್ ಇಲ್ಲದ ಹೊಸ ಬಾಟಲಿಯೂ ಇದೆ. ಅದು ಆಗೀಗ ಒಂದೆರಡು ಹನಿ ಸೋರುತ್ತದೆ. ಪೈಪಣ್ಣ ಗೊಣಗದೆ ಒರೆಸುತ್ತಾನೆ.

ಓದುವವರೇ, ನಿಮ್ಮ ಮನೆಯಲ್ಲೂ ಮೊಲವಿದ್ದರೆ ಇಷ್ಟು ಮಾಡಿ. ಮಗುಚದಂಥ ಭಾರದ, ಅಗಲ ಬಾಯಿಯ ಬಟ್ಟಲು ಇಡಿ. ಬಿರುಕು ಬಿಟ್ಟದ್ದು ಬೇಡ, ಕಡಿದು ನುಂಗುವಂಥ ಪ್ಲಾಸ್ಟಿಕ್ಕೂ ಬೇಡ. ಮೊಲ ಹಿಕ್ಕೆ ಹಾಕುವ ಮೂಲೆಯಿಂದ ಬಟ್ಟಲನ್ನು ದೂರವಿಡಿ, ದಿನವೂ ತೊಳೆದು ಹೊಸ ನೀರು ತುಂಬಿ. ಗದ್ದದ ಕೆಳಗಿನ ಕೂದಲು ಸದಾ ಒದ್ದೆಯಾಗಿರುತ್ತಿದ್ದರೆ ಒರೆಸಿ, ಡಾಕ್ಟರಿಗೆ ತೋರಿಸಿ. ಬಾಟಲಿ ಬಳಸುವವರು ಮೊಲಕ್ಕೆ ಕುತ್ತಿಗೆ ಚಾಚದೆ ಸಿಗುವ ಎತ್ತರಕ್ಕೆ ಕಟ್ಟಿ, ಮೆಲ್ಲಗೆ ತಾಗಿಸಿದರೆ ನೀರು ಬರುತ್ತದೆಯೇ ಎಂದು ದಿನಾ ನೋಡಿ, ಕೊಳವೆಯೊಳಗೆ ಬ್ರಷ್ ಆಡಿಸಿ. ನೀರು ಇಳಿಯುತ್ತಲೇ ಇಲ್ಲವೆಂದರೆ ಖುಷಿಪಡಬೇಡಿ. ತಿನ್ನುವುದು ನಿಲ್ಲಿಸಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಮನೆಗೆ ಇಷ್ಟೊಂದು ಸಂತೋಷ ಕೊಡುವ ಪ್ರಾಣಿಗೆ ಬಾಯಾರಿಕೆಯಾಗಿದೆ ಎಂದು ಹೇಳಲು ಬರುವುದಿಲ್ಲ. ಈ ಹಾಳೆ ಕೆಳಗಿಡಿ, ಈಗಲೇ ಎದ್ದು ಹೋಗಿ ಅದರ ನೀರು ನೋಡಿ ಬನ್ನಿ.