ಬಾಯಿ ತುಂಬ ಗುಂಡುಸೂಜಿ

ಟೈಲರಮ್ಮನ ನಾಲ್ಕು ವರ್ಷದ ಮಗಳು ಪುಟ್ಟಿಗೆ ಮಾತು ಬಾರದೆಂದಲ್ಲ, ಆಡುವ ಸರದಿಯೇ ಬರುತ್ತಿರಲಿಲ್ಲ. ಯಾರು ಏನೇ ಕೇಳಲಿ, ಉತ್ತರ ಅಮ್ಮನದು. "ಮಗು ಬಾಯನ್ನ ಅಡ ಇಟ್ಕೊಂಡಿದ್ದೀಯೇನೇ?" ಎಂದು ಅತ್ತೆ ಛೇಡಿಸಿದರೆ ಟೈಲರಮ್ಮ ನಕ್ಕುಬಿಡುತ್ತಿದ್ದಳು. ಆದರೆ ನಿನ್ನೆ ಶಿಶುವಿಹಾರದ ಟೀಚರ್, "ಬೇರೆ ಮಕ್ಕಳ ಹತ್ರ ತುಟಿ ಬಿಚ್ಚಲ್ವಲ್ಲ. ಸೋಮವಾರ ಇನ್ನೊಂದ್ಸಲ ನೋಡಿ, ಆಮೇಲೆ ಸೇರಿಸ್ಕೊಳ್ಳೋಣ" ಎಂದಾಗಿನಿಂದ ಆ ನಗು ಮಾಯವಾಗಿತ್ತು.

ಈಗ ಸ್ಟೂಲಿನ ಮೇಲೆ ಗಿರಾಕಿ ನರ್ಸಮ್ಮ ಹೊಸ ಗೌನು ತೊಟ್ಟು ನಿಂತಿದ್ದಳು. ಟೈಲರಮ್ಮ ಮಂಡಿಯೂರಿ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಅಂಚಿಗೆ ಚುಚ್ಚುತ್ತಿದ್ದಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ನರ್ಸಮ್ಮನ ಮಗ, ಹೊಲಿಗೆ ಯಂತ್ರದ ಕೆಳಗೆ ಆಡುತ್ತಿದ್ದ ಪುಟ್ಟಿಯ ಗುಂಡಿ ಡಬ್ಬಿಗೆ ಕೈ ಹಾಕಿಯೇಬಿಟ್ಟ!

ಪುಟ್ಟಿ ಅಮ್ಮನ ಕಡೆ ನೋಡಿದಳು. 'ಕೊಡು ಜಾಣೆ, ಅಣ್ಣ ಆಡ್ಲಿ' ಎನ್ನಲು ಟೈಲರಮ್ಮನ ನಾಲಿಗೆ ಹಾತೊರೆಯಿತು. ಬಾಯಿ ಬಿಟ್ಟರೆ ಸೂಜಿಯೆಲ್ಲ ನೆಲದ ಪಾಲು. "ಮ್ಮ್! ಮ್ಮ್ಮ್!" ಎಂದಷ್ಟೇ ಹೊರಟಿತು.

"ಅಲ್ಲಾಡ್ಬೇಡಿ ಅಂದೋರು ನೀವು, ಈಗ ಕುಣೀತಿರೋರೂ ನೀವೇ!" ಎಂದು ನರ್ಸಮ್ಮ ನಕ್ಕಳು.

ಪುಟ್ಟಿ ಕಾದಳು. ಅಮ್ಮನಿಂದ ಮಾತು ಬರಲಿಲ್ಲ. ಕೊನೆಗೆ ಹುಡುಗನತ್ತ ತಿರುಗಿದಳು.

"ಅದು ನಂದು."

"ನಂಗೂ ಬೇಕು."

ಟೈಲರಮ್ಮನ ಕೈ ಗಾಳಿಯಲ್ಲೇ ನಿಂತಿತು. ಪುಟ್ಟಿ ಹಣೆ ಗಂಟಿಕ್ಕಿ ಯೋಚಿಸಿದಳು.

"ಕೆಂಪು ನಂಗೆ. ನೀಲಿ ನಿಂಗೆ. ಹೋಗುವಾಗ ವಾಪಸ್ ಕೊಡ್ಬೇಕು ಮತ್ತೆ!"

"ಸರಿ. ಈ ಗುಂಡಿಗಳೆಲ್ಲ ಬಸ್ಸಿಗೆ ಹೋಗೋರು."

"ನಾನೇ ಡ್ರೈವರ್!"

"ಮೊದ್ಲು ನೀನು, ಆಮೇಲೆ ನಾನು."

ಡಬ್ಬಿಯ ಮುಚ್ಚಳವೇ ಬಸ್ಸಾಗಿ, ಹೊಲಿಗೆ ಯಂತ್ರದ ಕೆಳಗಿನಿಂದ ಭರ್ರೆಂದು ಹೊರಟಿತು. ಟೈಲರಮ್ಮನ ಎದೆಯೂ ಅದರ ಹಿಂದೆಯೇ ಓಡಿತು. ಎದ್ದು ಮಗಳನ್ನು ಬಾಚಿ ತಬ್ಬಿಕೊಳ್ಳಬೇಕು, ಬೀದಿಯವರನ್ನೆಲ್ಲ ಕರೆದು ತೋರಿಸಬೇಕು! ಆ ಸಂಭ್ರಮದಲ್ಲೇ ಕೊನೆಯ ಸೂಜಿಯೂ ಅಂಚಿಗೆ ಏರಿತು. ಬಾಯಿ ಖಾಲಿ.

"ನಿನ್ ಹೆಸ್ರೇನು?" ಎಂದು ಹುಡುಗ ಕೇಳಿದ.

ಉತ್ತರ ಟೈಲರಮ್ಮನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ತಟ್ಟನೆ ಸೂಜಿ ಡಬ್ಬಿಯಿಂದ ಒಂದು ಹಿಡಿ ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಿಕ್ಕಿಸಿಕೊಂಡಳು.

"ಇನ್ನೂ ಮುಗೀಲಿಲ್ವಾ?" ಎಂದಳು ನರ್ಸಮ್ಮ.

ಇಲ್ಲವೆಂದು ಟೈಲರಮ್ಮ ಜೋರಾಗಿ ತಲೆಯಾಡಿಸಿದಳು. ಯಂತ್ರದ ಕೆಳಗಿನಿಂದ ಪುಟ್ಟಿ ತನ್ನ ಹೆಸರನ್ನು ಬೀದಿಯ ಆ ತುದಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದಳು.