ಒಳಗೇ ಮುರಿದ ಸ್ಟಡ್ಡು

ಸೌಂದರ್ಯ ಓಡಿಸುತ್ತಿದ್ದ ವ್ಯಾನಿನ ಎಂಜಿನ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಬೀಚನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಅಡುಗೆ, ಪಾತ್ರೆ ಕೆಲಸ ಮಾಡುವ ಹೆಂಗಸರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು ಅವಳ ಕೆಲಸ. ಈಚೆಗೆ ಗಾಡಿ ಏರು ಹತ್ತುವಾಗ ಟಪಟಪ ಸದ್ದು ಬರುತ್ತಿತ್ತು. ಗಾಡಿಯಿಂದ ಇಳಿಯುವಾಗ ಎಲ್ಲರೂ ತಲೆನೋವು ಎನ್ನುತ್ತಿದ್ದರು.

ಕೋಟೆ ಊರಿನ ಮೆಕ್ಯಾನಿಕ್ ಶಿವಶಂಕರ ಸೀಟೆತ್ತಿ ಟಾರ್ಚ್ ಬಿಟ್ಟ. ಹೊಗೆ ಸಾಗಿಸುವ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿಯುವ ಬೋಲ್ಟಿನಂಥ ಸ್ಟಡ್ಡುಗಳಲ್ಲಿ ಎರಡು ಮುರಿದು, ಸಂದಿಯ ಸುತ್ತ ಮಸಿ ಹಿಡಿದಿತ್ತು. ಒಂದರ ತುದಿ ಹೊರಗಿತ್ತು. ಅದಕ್ಕೆ ನಟ್ಟು ವೆಲ್ಡ್ ಮಾಡಿ, ಕಾದಿರುವಾಗಲೇ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತ ಬಿಡಿಸಿದ. ಇನ್ನೊಂದು ಒಳಗೇ ತುಂಡಾಗಿತ್ತು. ಅದರ ನಡುವೆ ತೂತು ಕೊರೆದು, ಕಚ್ಚಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಇಳಿಸಿದ. ಅಲುಗಲಿಲ್ಲ. ಇನ್ನಷ್ಟು ಒತ್ತಿದ. ಟಣ್ ಎಂದಿತು.

“ಟೂಲೇ ಒಳಗೆ ಮುರ್ಕಂತು ಕಣವ್ವ. ಇನ್ನು ಡ್ರಿಲ್ಲೂ ಇಳಿಯಕಿಲ್ಲ. ಎಂಜಿನ್ ಹೆಡ್ಡೇ ಬಿಚ್ಚಿ ಮೈಸೂರಿಗೆ ಕಳಿಸ್ಬೇಕು.”

“ಸಂಜೆ ಟ್ರಿಪ್ ಐತಲ್ಲಣ್ಣ?”

“ಬ್ಯಾಡ ಕಣವ್ವ. ಹೊಗೆ ಗಾಡಿ ಒಳಕ್ಕೇ ಬತ್ತಾ ಐತೆ. ನಿದ್ದೆ ಬಂದಂಗಾಯ್ತದೆ, ಆಮೇಲೆ ಏಳಕ್ಕಾಗಕಿಲ್ಲ.”

ಅವಳು ವ್ಯಾನಿನ ಮಾಲೀಕ ಕುಮಾರನಿಗೆ ಫೋನ್ ಮಾಡಿದಳು. “ಇಷ್ಟು ದಿನ ಅಂಗೇ ಓಡಿಲ್ವಾ? ಗ್ಲಾಸ್ ಇಳ್ಸ್ಕೊಂಡು ಓಡ್ಸು. ಆಗಲ್ಲ ಅಂದ್ರೆ ಬುಡು, ಬೇರೆ ಡ್ರೈವರ್ ಕಳಿಸ್ತೀನಿ,” ಎಂದ. ಬೇರೆ ಡ್ರೈವರ್ ಗ್ಲಾಸನ್ನೂ ಇಳಿಸುವುದಿಲ್ಲ ಎಂದುಕೊಂಡು ಸೌಂದರ್ಯ ಕೀ ತೆಗೆದುಕೊಂಡಳು. ಶಿವಶಂಕರ ಸಂದಿಗೆ ತಗಡು ತುರುಕಿ ಬಿಗಿದ. ಅವಳ ಮುಖ ನೋಡಲಿಲ್ಲ.

ಸಂಜೆ ಅಡುಗೆಯ ದೊಡ್ಡತಾಯಮ್ಮ ಎಂದಿನಂತೆ ಅವಳ ಪಕ್ಕ, ಎಂಜಿನ್ ಮೇಲಿನ ಸೀಟಿನಲ್ಲಿ ಕೂತಳು. ಚೈತ್ರ, ಪುಟ್ಟಮಲ್ಲಮ್ಮ ಹಿಂದೆ. ಎಲ್ಲ ಗ್ಲಾಸೂ ತೆರೆದಿತ್ತು. ಡ್ಯಾಮ್ ದಾಟಿದ ಮೇಲೆ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಹಿಂದೆ ಗ್ಲಾಸ್ ಸರಿದ ಸದ್ದಾಯಿತು.

“ಮುಚ್ಚಬ್ಯಾಡ್ರೇ!”

“ಪೂರಾ ನೆನೀತಾ ಇದೀವಿ ಕಣಕ್ಕ. ಮಳೆ ನಿಂತ ಮ್ಯಾಲೆ ತೆಗೀತೀವಿ,” ಎಂದಳು ಚೈತ್ರ. ದೊಡ್ಡತಾಯಮ್ಮನೂ ತನ್ನ ಕಡೆಯದನ್ನು ಏರಿಸಿಕೊಂಡಳು.

ಟಪಟಪ ಸದ್ದು ಮತ್ತೆ ಶುರುವಾಯಿತು. ತಗಡು ಜಾರಿರಬೇಕು. ಸೌಂದರ್ಯಳ ಹಣೆ ಸಿಡಿಯತೊಡಗಿತು. “ಎಲ್ರೂ ಮಾತಾಡ್ತಾ ಇರ್ರಿ,” ಎಂದಳು. ಮೊದಮೊದಲು ನಕ್ಕರು. ಆಮೇಲೆ ವೈಪರ್ ಸದ್ದೊಂದೇ ಉಳಿಯಿತು.

“ಚೈತ್ರಾ?”

“ಊಂ.”

“ಪುಟ್ಟಮಲ್ಲವ್ವ?”

ಬಹಳ ಹೊತ್ತಿನ ಮೇಲೆ, “ಊಂ.”

“ದೊಡ್ಡತಾಯವ್ವ?”

ಮುದುಕಿಯ ತಲೆ ಗ್ಲಾಸಿಗೆ ಒರಗಿತ್ತು. ಬಾಯಿ ತೆರೆದಿತ್ತು. ಸೌಂದರ್ಯ ಬ್ರೇಕ್ ಒತ್ತಲು ನೋಡಿದಳು. ಕಾಲು ತನ್ನದಲ್ಲವೆನ್ನುವಂತೆ ಭಾರವಾಗಿತ್ತು. ವ್ಯಾನು ರಸ್ತೆ ಇಳಿದು ಕೆಸರಿನಲ್ಲಿ ಸಿಕ್ಕಿ ನಿಂತಿತು. ಎಂಜಿನ್ ಆರಿಸಿ, ಬಾಗಿಲುಗಳನ್ನೆಲ್ಲ ಎಳೆದು ತೆಗೆದಳು. ಚೈತ್ರ ತೆವಳುತ್ತ ಇಳಿದು ವಾಂತಿ ಮಾಡಿಕೊಂಡಳು. ಪುಟ್ಟಮಲ್ಲಮ್ಮ ಇಳಿದು ಅಲ್ಲೇ ಕುಸಿದು ಕೂತಳು. ದೊಡ್ಡತಾಯಮ್ಮನನ್ನು ಸೌಂದರ್ಯ ಕಂಕುಳಿಗೆ ಕೈ ಹಾಕಿ ಮಳೆಗೆ ಎಳೆದಳು. ಉಸಿರಿತ್ತು. ಕಣ್ಣು ಬಿಡಲಿಲ್ಲ.

ಹಿಂದೆ ಬಂದ ಜೀಪಿನವರು ಎಲ್ಲರನ್ನೂ ಕೋಟೆ ಆಸ್ಪತ್ರೆಗೆ ಸೇರಿಸಿದರು. ದೊಡ್ಡತಾಯಮ್ಮನಿಗೆ ಆಕ್ಸಿಜನ್ ಹಾಕಿದ ಡಾಕ್ಟರು, “ಜೀವಕ್ಕೇನೂ ಆಗಲ್ಲ. ಎಚ್ಚರ ಆಗಲಿ, ಮೆದುಳಿಗೇನಾದ್ರೂ ಆಗಿದೆಯಾ ಅಂತ ಆಮೇಲೆ ನೋಡೋಣ,” ಎಂದರು.

ಬೆಳಗಾಗುತ್ತಲೇ ಕುಮಾರನ ಫೋನು. “ಗಾಡಿ ಎಲ್ಲಿ ಬುಟ್ಟೆ? ಟ್ರಿಪ್ಪಿಗೆ ಹೊತ್ತಾಯ್ತು.”

“ಕೀನ ಪೊಲೀಸ್ ಸ್ಟೇಷನ್‌ಗೆ ಕೊಡ್ತೀನಿ. ಅಲ್ಲೇ ಬಂದು ಕೇಳಿ,” ಎಂದು ಸೌಂದರ್ಯ ಫೋನಿಟ್ಟಳು.

ಹೊರಡುವ ಮುಂಚೆ ವಾರ್ಡಿಗೆ ಹೋದಳು. ದೊಡ್ಡತಾಯಮ್ಮ ಕಣ್ಣು ಬಿಟ್ಟಿದ್ದಳು. ಸೌಂದರ್ಯಳನ್ನು ನೋಡಿ ಅವಳ ಮುಖ ಅರಳಿತು.

“ಮಾಯಮ್ಮಾ, ಸೊಪ್ಪು ಕುಯ್ದ್ಯೇನೇ?”

ಮಾಯಮ್ಮ ಮುದುಕಿಯ ತಂಗಿ. ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸೌಂದರ್ಯ ಬಾಗಿಲ ಕಡೆ ನೋಡಿದಳು; ಡಾಕ್ಟರ್ ಇನ್ನೂ ಬಂದಿರಲಿಲ್ಲ. ಮುದುಕಿ ಉತ್ತರಕ್ಕಾಗಿ ಕಾಯುತ್ತಿದ್ದಳು.

“ಕುಯ್ದೆ ಕಣಕ್ಕ,” ಎಂದು ಸೌಂದರ್ಯ ಅವಳ ಕೈ ಹಿಡಿದುಕೊಂಡಳು.