ಅಕ್ಕನ ಗಡಿಯಾರದಲ್ಲಿ ಹನ್ನೊಂದೂವರೆ

ಆ ಪುಟ್ಟ ವಿಮಾನ ಇನ್ನೂ ಅಲ್ಲೇ ಇದೆ, ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ, ನೀಲಿ ಸಮುದ್ರದ ನಡುವೆ ಗೂಟ ಹೊಡೆದಂತೆ, ಉಳಿದದ್ದು ನಾಲ್ಕು ಸಾವಿರದ ಏಳುನೂರು ಕಿಲೋಮೀಟರ್, ಐದೂವರೆ ಗಂಟೆ — ನಾನೋ ಹತ್ತಿದ ಕೂಡಲೇ ಮಾತ್ರೆ ನುಂಗಿ ಮಲಗಿದವಳು, ಎದ್ದು, ಕೈಗಡಿಯಾರದಲ್ಲಿ ಅಕ್ಕನ ಊರಿನ ಹನ್ನೊಂದು ಆಯಿತೆಂದು ಚಪ್ಪಲಿ ಮೆಟ್ಟಿ, ಬ್ಯಾಗು ತೊಡೆಯ ಮೇಲಿಟ್ಟು ಇಳಿಯಲು ಸಿದ್ಧವಾಗಿ ಕೂತಿದ್ದೆ, ಥೂ — ಇಪ್ಪತ್ತು ವರ್ಷ ಟಿಕೆಟ್ ಕೌಂಟರಿನಲ್ಲಿ ಊರಿಗೆಲ್ಲ ಪಾಠ ಹೇಳಿದವಳು ನಾನು, ನೋಡಿ ಸಾರ್, ಹೊರಡೋದು ಇಲ್ಲಿನ ಗಂಟೆ, ಇಳಿಯೋದು ಅಲ್ಲಿನ ಗಂಟೆ, ಒಂದರಲ್ಲಿ ಒಂದು ಕಳೀಬೇಡಿ, ಎಂದು ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕೊಡುತ್ತಿದ್ದೆ, ದೀಪದ ಬುಡದಲ್ಲೇ ಕತ್ತಲೆ, ಮೊನ್ನೆ ಅಕ್ಕ ಫೋನಿನಲ್ಲಿ, ನಿನ್ನ ಗಂಟೆ ಬೇಡ ಕಣೇ, ನನ್ನ ಗಡಿಯಾರದಲ್ಲಿ ಎಷ್ಟಕ್ಕೆ ಬರ್ತೀಯ ಹೇಳು ಅಂದಳು, ನಾನು ಬಟ್ಟೆ ಮಡಚುತ್ತಲೇ, ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಇಳಿದರೆ ಒಂಬತ್ತು ಗಂಟೆ ಎಂದು ಬೆರಳೆಣಿಸಿ, ಹತ್ತುವಾಗ ನಿಂಗೆ ಬೆಳಗಿನ ಜಾವ ಎರಡೂವರೆ, ಹನ್ನೊಂದೂವರೆಗೆ ಬಂದೆ ಅನ್ಕೋ ಅಂದೆ, ಆ ಸಂಜೆ ಐದು ಅಕ್ಕನ ಊರಿನದೇ, ಟಿಕೆಟ್ಟಿನಲ್ಲೇ ಅಚ್ಚಾಗಿತ್ತು, ಸುಮ್ಮನೆ ಓದಿದ್ದರೆ ಸಾಕಿತ್ತು, ಜಾಣತನ ಎಲ್ಲಿ ಬಿಡುತ್ತದೆ, ಅದನ್ನೇ ನಂಬಿ ಅಕ್ಕ ಡಾಕ್ಟರನ್ನು ಕಾಡಿ ಬೇಡಿ ಇವತ್ತು ಬೆಳಗ್ಗೆ ಇದ್ದ ಆಪರೇಷನ್ನನ್ನು ಮಧ್ಯಾಹ್ನ ಒಂದು ಗಂಟೆಗೆ ಹಾಕಿಸಿಕೊಂಡಳು, ಒಳಗೆ ಹೋಗೋ ಮುಂಚೆ ನರ್ಸ್ ಕನ್ನಡಕ ತೆಗೆದಿಡ್ತಾಳಂತೆ ಕಣೇ, ಅಷ್ಟರೊಳಗೆ ಬಾ, ಆಮೇಲೆ ನಿನ್ನ ಮುಖಾನೂ ಒಂದೇ ಗೋಡೇನೂ ಒಂದೇ ನಂಗೆ, ಎಂದು ನಕ್ಕಳು, ನಾನೂ ನಕ್ಕೆ, ಹೃದಯ ತುಂಬಾ ಸೋತಿದೆ, ಹೋದೋಳು ಹೊರಗೆ ಬರೋದು ಅರ್ಧಕ್ಕರ್ಧ ಅಂತಾರೆ, ಎಂದು ಭಾವ ಬೇರೆ ಫೋನು ಮಾಡಿ ಹೇಳಿದ್ದರು.

ಇಲ್ಲ ಮೇಡಂ, ಈ ವಿಮಾನದಲ್ಲಿ ಫೋನ್ ಹೋಗಲ್ಲ, ಇಳಿದ ಮೇಲೆ ಮಾಡ್ಕೊಳಿ, ಜ್ಯೂಸ್ ಕೊಡ್ಲಾ — ಈ ಗಗನಸಖಿಯ ಜ್ಯೂಸಿಗಿಷ್ಟು ಬೆಂಕಿ ಬೀಳ, ಎರಡು ಸಲ ಕೇಳಿದೆ, ಎರಡು ಸಲವೂ ಅದೇ ನಗು, ಕಿಟಕಿ ಪಕ್ಕದವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ, ಹೊರಗೆ ಬಿಸಿಲು ಇದ್ದಲ್ಲೇ ಇದೆ, ಎದ್ದು ನಡೆದರೆ ಬೇಗ ಮುಟ್ಟುತ್ತೇನೆಯೇ, ನಿಲ್ಲಿಸಿ ಇಳಿಸು ಅನ್ನಲು ಬಸ್ಸೇ ಇದು, ಗಂಟೆ ಹನ್ನೆರಡೂ ಮುಕ್ಕಾಲು, ಉಳಿದದ್ದು ಮೂರು ಸಾವಿರದ ಆರುನೂರು, ಚಿಕ್ಕವರಿದ್ದಾಗ ಸ್ನಾನಕ್ಕೆ ಹೋಗುವಾಗ ಕನ್ನಡಕ ಕಳಚಿ ನನ್ನ ಕೈಗೇ ಕೊಡುತ್ತಿದ್ದಳು, ಭದ್ರ ಕಣೇ, ನನ್ನ ಕಣ್ಣು ನಿನ್ನ ಕೈಲಿದೆ, ನಾನು ಬಚ್ಚಲ ಬಾಗಿಲಲ್ಲೇ ಕದಲದೆ ನಿಂತಿರುತ್ತಿದ್ದೆ, ಈಗ ನರ್ಸ್ ಕೈ ಚಾಚಿರುತ್ತಾಳೆ, ಕೊಡಿ ಅಮ್ಮ, ಹೊತ್ತಾಯ್ತು, ಇನ್ನೊಂದೇ ನಿಮಿಷ ಸಿಸ್ಟರ್, ನನ್ನ ತಂಗಿ ಬರ್ತಾಳೆ, ಟಿಕೆಟ್ ಕೌಂಟರಿನೋಳು, ಗಂಟೆ ಲೆಕ್ಕ ತಪ್ಪೋಳಲ್ಲ ಅವಳು, ಎನ್ನುತ್ತಾ ಅಕ್ಕ ಬಾಗಿಲನ್ನೇ ನೋಡುತ್ತಾಳೆ, ಕಾಣುವಷ್ಟು ಹೊತ್ತೂ ನೋಡುತ್ತಾಳೆ, ಆಮೇಲೆ — ತಟ್ಟೆಯಲ್ಲಿ ಕಾಲು ಮಡಿಸಿಟ್ಟ ಕನ್ನಡಕ, ಉಳಿದದ್ದು ಮೂರು ಸಾವಿರದ ಐನೂರು, ಕನ್ನಡಕ, ತಟ್ಟೆಯಲ್ಲಿ, ಕಾಲು ಮಡಿಸಿ